ಕೆಂಪಣ್ಣನ ಮನೆ ಹಿಂದೆ

ಮರಡಿಕೊಪ್ಪಲಿನ ಮಹಾಮಾಯಾ ಮಹಿಳಾ ಸಂಘದವರು ಹಾಸನದ ವಿದ್ಯಾರ್ಥಿನಿ ನಿಲಯಕ್ಕೆ ಕೊಟ್ಟ ರಾಗಿಯನ್ನು ಕೆಂಪಣ್ಣನವರು ಕೊಟ್ಟದ್ದೆಂದು ದಾಖಲಿಸಲಾಯಿತು.

ದಾಖಲಿಸಿದವನು ಅಮರನಾಥ. ಹೊಳೆನರಸೀಪುರದಿಂದ ದಿನಾ ಹಾಸನಕ್ಕೆ ಓಡಾಡುವ, ಯಾರು ಏನು ಹೇಳಿದರೂ ‘ಆಗ್ಲಿ ಸಾ’ ಎನ್ನುವ, ಒಂದು ಇರುವೆಗೂ ಕೇಡು ಬಯಸದ ಮನುಷ್ಯ. ಈ ದೇಶದಲ್ಲಿ ದೊಡ್ಡ ಅನ್ಯಾಯಗಳನ್ನೆಲ್ಲ ಇಂಥ ಒಳ್ಳೆಯವರ ಕೈಯಲ್ಲೇ ಮಾಡಿಸುವುದು ವಾಡಿಕೆ. ಅವರು ನಿಧಾನವಾಗಿ, ಅಚ್ಚುಕಟ್ಟಾಗಿ ಮಾಡುತ್ತಾರೆ.

ಆದರೂ ಕುತೂಹಲ ಉಳಿಯುತ್ತದೆ. ಒಬ್ಬರ ರಾಗಿ ಇನ್ನೊಬ್ಬರದಾಗಬೇಕಾದರೆ ನಡುವೆ ಒಬ್ಬ ಕಳ್ಳನಾದರೂ ಇರಬೇಕಲ್ಲ. ಇಲ್ಲಿ ಕಳ್ಳನಿಲ್ಲ. ನಿಲಯದಿಂದ ರಾಗಿಯ ಒಂದು ಕಾಳೂ ಆಚೆ ಹೋಗಲಿಲ್ಲ. ಹುಡುಗಿಯರು ಅದನ್ನೇ ಮುದ್ದೆ ಮಾಡಿಸಿಕೊಂಡು ಉಂಡರು. ಉಣ್ಣುತ್ತಿರುವಾಗಲೇ ಅದು ಕೆಂಪಣ್ಣನವರದಾಯಿತು. ಹೇಗೆ?

ಅಮರನಾಥ ಕೆಲಸ ಮಾಡುತ್ತಿದ್ದದ್ದು ‘ದೀವಟಿಗೆ ವಿದ್ಯಾರ್ಥಿನಿ ನಿಲಯ’ದ ಆಫೀಸಿನಲ್ಲಿ. ಹಳ್ಳಿಗಾಡಿನ ಹುಡುಗಿಯರು ಹಾಸನದಲ್ಲಿ ಉಳಿದು ಓದಲೆಂದು ಒಂದು ಟ್ರಸ್ಟು ನಡೆಸುವ ನಿಲಯ ಅದು. ರಾಗಿ, ತೆಂಗಿನಕಾಯಿ, ಪಾತ್ರೆ, ಫ್ಯಾನು, ಹೀಗೆ ಊರೂರಿನ ಸಂಘಗಳು ಕೊಟ್ಟದ್ದರಿಂದಲೇ ನಡೆಯುತ್ತಿತ್ತು. ಯಾರು ಏನು ಕೊಟ್ಟರೆಂಬುದನ್ನು ಇಷ್ಟು ದಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹೋದ ವರ್ಷ ಟ್ರಸ್ಟು ಒಂದು ಡೇಟಾಬೇಸ್ ಕೊಂಡುಕೊಂಡು, ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿತು. ಅದನ್ನು ಮಾರಿದ ಬೆಂಗಳೂರಿನ ಕಂಪನಿಯಿಂದ ರೂಪಶ್ರೀ ಎಂಬಾಕೆ ವಿಡಿಯೋ ಕಾಲಿನಲ್ಲಿ ಪಾಠ ಹೇಳಿದಳು.

“ಒಂದೇ ದಾನಿಗೆ ಎರಡು ದಾಖಲೆ ಇರಬಾರದು ಸರ್. ಇದ್ರೆ ಅದು ಕಸ. ನೀವು ಕ್ಲೀನ್ ಮಾಡ್ಬೇಕು.”

“ಆಗ್ಲಿ ಮೇಡಂ,” ಎಂದ ಅಮರನಾಥ. ಮರುದಿನವೇ ತನ್ನ ಮೇಜಿನ ಮೇಲಿನ ಗೋಡೆಗೆ ‘ದಾನಿ ದಾಖಲೆಗಳ ಶುದ್ಧೀಕರಣ ವಿಭಾಗ’ ಎಂದು ಪ್ರಿಂಟು ತೆಗೆದು ಅಂಟಿಸಿದ. ವಿಭಾಗದಲ್ಲಿದ್ದದ್ದು ಅವನೊಬ್ಬನೇ. ಆ ಚೀಟಿಯ ಪಕ್ಕ ನಿಂತು ತೆಗೆಸಿಕೊಂಡ ಫೋಟೋವನ್ನು ಮನೆಯ ಬೀದಿಯ ವಾಟ್ಸಾಪ್ ಗುಂಪಿಗೂ ಹಾಕಿದ. ಭಾನುವಾರ ಅಕ್ಕಪಕ್ಕದವರು ಕೆಟ್ಟು ನಿಂತ ನೀರಿನ ಫಿಲ್ಟರುಗಳನ್ನು ಹೊತ್ತು ತಂದು ಜಗಲಿಯ ಮೇಲಿಟ್ಟರು. ಅವನು ಬೇಡವೆನ್ನಲಾರದೆ ಒಂದನ್ನು ಬಿಚ್ಚಿಯೂ ಬಿಟ್ಟ. ಅದು ಇವತ್ತಿಗೂ ಬಿಚ್ಚಿದ ಹಾಗೆಯೇ ಇದೆ.

ಶುದ್ಧೀಕರಣ ಶುರುವಾಯಿತು. ಅರಕಲಗೂಡು ತಾಲ್ಲೂಕಿಗೆ ಬಂದಾಗ ಡೇಟಾಬೇಸು ತಾನಾಗಿಯೇ ಒಂದು ಪ್ರಶ್ನೆ ಕೇಳಿತು. ‘ಈ ಐದು ದಾನಿಗಳ ವಿಳಾಸ ಒಂದೇ. ಇವರು ಒಬ್ಬರೇ ಇರಬಹುದೇ? ಕೂಡಿಸಲೇ?’

ಐದೂ ಮರಡಿಕೊಪ್ಪಲಿನವು. ಡೇರಿ ಸಂಘ: ಕೆಂಪಣ್ಣನವರ ಮನೆ ಪಕ್ಕ. ಭಜನಾ ಮಂಡಳಿ: ಕೆಂಪಣ್ಣನವರ ಮನೆ ಎದುರು. ಯುವಕರ ಕಬಡ್ಡಿ ಸಂಘ: ಕೆಂಪಣ್ಣನವರ ಮನೆ ಹತ್ತಿರ. ಮಹಾಮಾಯಾ ಮಹಿಳಾ ಸಂಘ: ಕೆಂಪಣ್ಣನವರ ಮನೆ ಹಿಂದೆ. ಐದನೆಯವರು ಸ್ವತಃ ಕೆಂಪಣ್ಣನವರು.

ಓದುಗರು ಅಮರನಾಥನನ್ನು ಬೈಯುವ ಮೊದಲು ಮರಡಿಕೊಪ್ಪಲಿನ ರೀತಿಯನ್ನು ತಿಳಿಯಬೇಕು. ಅಲ್ಲಿ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿದ್ದರೂ ಯಾರಿಗೂ ನೆನಪಿಲ್ಲ. ಬಸ್ಸು ನಿಲ್ಲುವುದು ಕೆಂಪಣ್ಣನವರ ಮನೆ ಮುಂದೆ. ಪೋಸ್ಟು ಬರುವುದು ಅವರ ಮನೆ ಜಗಲಿಗೆ. ಕರೆಂಟು ಹೋದರೆ ‘ಕೆಂಪಣ್ಣನ ಮನೆ ಹತ್ರ ಹೋಗೈತೆ’ ಎಂದೇ ಲೈನ್‌ಮನ್‌ಗೆ ಫೋನು ಮಾಡುವುದು. ಊರಲ್ಲಿರುವ ಪ್ರತಿಯೊಂದೂ ಅವರ ಮನೆಯ ಪಕ್ಕ, ಎದುರು, ಮೇಲೆ, ಕೆಳಗೆ ಅಥವಾ ಹಿಂದೆ ಇದೆ. ಅವರ ಮನೆ ಯಾವುದರ ಹತ್ತಿರ ಇದೆ ಎಂದು ಈವರೆಗೆ ಯಾರೂ ಕೇಳಿಲ್ಲ.

ಕೆಂಪಣ್ಣನವರು ನಿಜವಾಗಿ ಕೊಟ್ಟದ್ದು ಒಂದು ಗೋಡೆ ಗಡಿಯಾರ. ಅದರಲ್ಲಿ ಅವರ ಹೆಸರು ಅಂಕಿಗಳಿಗಿಂತ ದಪ್ಪವಾಗಿತ್ತು. ಸೆಲ್ಲನ್ನು ನಿಲಯದವರೇ ಹಾಕಿಕೊಳ್ಳಬೇಕಾಯಿತು.

ಅಮರನಾಥ ಐದು ವಿಳಾಸಗಳನ್ನೂ ನೋಡಿದ. ಎಲ್ಲದರಲ್ಲೂ ಕೆಂಪಣ್ಣ. ಕಂಪ್ಯೂಟರಿಗೆ ಇಷ್ಟು ಬುದ್ಧಿಯಿದೆಯಲ್ಲ ಎಂದು ಸಂತೋಷಪಟ್ಟು ‘ಕೂಡಿಸು’ ಒತ್ತಿದ. ಡೇರಿಯ ಪಾತ್ರೆಗಳು, ಮಂಡಳಿಯ ಜಮಖಾನ, ಕಬಡ್ಡಿಯವರ ಫ್ಯಾನು, ಹೆಂಗಸರು ಮೂರು ಸುಗ್ಗಿಯಿಂದ ಕೊಡುತ್ತ ಬಂದ ರಾಗಿ, ಎಲ್ಲವೂ ಗಡಿಯಾರದ ಜೊತೆ ಹೋಗಿ ಸೇರಿಕೊಂಡವು.

ಮರುವಾರ ಟ್ರಸ್ಟಿನ ಕಾರ್ಯದರ್ಶಿ ಮೋಹನ್‌ಕುಮಾರ್ ವರದಿ ತೆಗೆಸಿ ನೋಡಿದರು. ಹಾಸನದಲ್ಲಿ ಗೊಬ್ಬರದ ಏಜೆನ್ಸಿ ಇಟ್ಟಿರುವ ಅವರಿಗೆ ಅಂಕಿ ಎಂದರೆ ಭಕ್ತಿ.

“ಅಮರನಾಥ್, ಇದ್ಯಾರಯ್ಯ ಈ ಪುಣ್ಯಾತ್ಮ? ಜಿಲ್ಲೆಗೇ ಮೊದಲ್ನೇ ದಾನಿ. ನಮಗೆ ಗೊತ್ತೇ ಇಲ್ವಲ್ಲ.”

“ಶುದ್ಧ ಮಾಡಿದ್ಮೇಲೆ ಕಾಣಿಸ್ಕೊಂಡ್ರು ಸಾ.”

“ಕೊಟ್ಟಿದ್ದು ಎಲ್ಲೂ ಹೇಳ್ಕೊಂಡಿಲ್ಲ ನೋಡು. ಎಂಥಾ ಸಂಕೋಚ. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸೋಣ. ಇನ್ವಿಟೇಶನ್‌ಗೆ ಫೋಟೋ ಹಾಕ್ಸು.”

“ಆಗ್ಲಿ ಸಾ.”

ಸುದ್ದಿ ಮರಡಿಕೊಪ್ಪಲನ್ನು ಮೆಸೇಜಿನ ರೂಪದಲ್ಲಿ ತಲುಪಿತು. ಕೆಂಪಣ್ಣನವರು ಕನ್ನಡಕ ಮನೆಯಲ್ಲಿ ಬಿಟ್ಟಿದ್ದರಿಂದ, ಬಸ್ ಸ್ಟಾಪಿನಲ್ಲಿ ಟೀ ಅಂಗಡಿ ಇಟ್ಟಿರುವ ಹುಚ್ಚಯ್ಯ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ. “ಮಹಾದಾನಿ ಕೆಂಪಣ್ಣನವರೇ, ಹೆಣ್ಣುಮಕ್ಕಳ ನಿಲಯಕ್ಕೆ ಸತತವಾಗಿ ರಾಗಿ ಕಳಿಸುತ್ತಿರುವ ತಮಗೆ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಗೌರವ ಸಮರ್ಪಣೆ.”

“ನಾನ್ಯಾವಾಗ್ಲಾ ಕಳ್ಸಿದ್ದೆ?” ಎಂದರು ಕೆಂಪಣ್ಣ.

“ನೋಡ್ರಪ್ಪ, ಈಗ್ಲೂ ಒಪ್ಕಳಕ್ಕಿಲ್ಲ,” ಎಂದ ಹುಚ್ಚಯ್ಯ ಬೆಂಚಿನ ಮೇಲಿದ್ದವರ ಕಡೆ ತಿರುಗಿ. “ದೊಡ್ಡೋರ ಗುಣ ಇದೇಯ.”

“ಲೇ, ನಿಜವಾಗ್ಲೂ ಕಳ್ಸಿಲ್ಲ ಕಣ್ಲಾ.”

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬೈರಯ್ಯ ಇಳಿದು ವಿಷಯ ಕೇಳಿದ. “ಇದ್ರಾಗೆ ಏನೈತೆ ಗುಟ್ಟು? ರಾಗಿ ಮೂಟೆ ನಿಮ್ಮನೆ ಮುಂದ್ಲಿಂದ್ಲೇ ಬಸ್ ಏರ್ತಾವೆ. ಟಾಪಿಗೆ ಆಕ್ಸಿದ್ದು ನಾನೇ. ಬೇಕಾದ್ರೆ ದೇವ್ರ ಮುಂದೆ ಪ್ರಮಾಣ ಮಾಡ್ತೀನಿ.”

ಬಸ್ಸು ನಿಲ್ಲುವುದೇ ಅಲ್ಲಿ. ಇನ್ನೆಲ್ಲಿಂದ ಏರಬೇಕು? ಆದರೆ ಸಾಕ್ಷಿ ಸಾಕ್ಷಿಯೇ. ಕೆಂಪಣ್ಣನವರು ಬಾಯಿ ತೆರೆದಷ್ಟೂ ಅವರ ದೊಡ್ಡತನ ಹೆಚ್ಚುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವರು ಬಾಯಿ ಮುಚ್ಚಿದರು. ಅದು ಎಲ್ಲಕ್ಕಿಂತ ದೊಡ್ಡ ವಿನಯವೆಂದು ಊರು ಮೆಚ್ಚಿತು.

ಮೆಚ್ಚದವರು ಒಬ್ಬರೇ. ಅವರ ಹೆಂಡತಿ ದೊಡ್ಡತಾಯಮ್ಮ.

“ಆಸನ್‌ದಲ್ಲಿ ಯಾವ ಎಣ್ಮಕ್ಳು?” ಎಂದು ಆಕೆ ಊಟಕ್ಕೆ ಕೂತ ಗಂಡನ ಮುಂದೆ ಸೌಟು ಹಿಡಿದು ನಿಂತರು.

“ಓದೋ ಮಕ್ಳು ಕಣೆ.”

“ಓದೋ ಮಕ್ಳಿಗೆ ನೀವ್ಯಾಕೆ ಕದ್ದು ರಾಗಿ ಕಳಿಸ್ತೀರಿ? ನಂಗೆ ಯೋಳಿ ಕಳಿಸ್‌ಬೌದಿತ್ತಲ್ಲ. ಸೀರೆ ಏನೇನು ಕಳ್ಸಿದೀರೋ, ಅದ್ಕೂ ಮೆಸೇಜ್ ಬತ್ತದೋ ನೋಡಾನ.”

“ರಾಗೀನೂ ಕಳ್ಸಿಲ್ಲ ಕಣೆ ನಾನು.”

“ಮತ್ತೆ ಶಾಲು ಯಾಕೆ ಒದ್ದಿಸ್ತಾರೆ? ಚಳೀಗಾ?”

ಆ ರಾತ್ರಿ ಕೆಂಪಣ್ಣನವರ ಪಾಲಿಗೆ ಸಾರು ಸಪ್ಪೆಯಾಗಿತ್ತು. ಆದರೆ ಬೆಳಿಗ್ಗೆ ಜನ ನಮಸ್ಕಾರ ಹಾಕುವ ರೀತಿಯೇ ಬದಲಾಗಿತ್ತು. ಚನ್ನರಾಯಪಟ್ಟಣದಿಂದ ಅವರ ಭಾಮೈದ ಫೋನು ಮಾಡಿ, “ಭಾವ, ಮೂರು ಸುಗ್ಗಿ ಕೊಟ್ಟ ದಾನಿಗೆ ಆ ನಿಲಯದಲ್ಲಿ ಒಂದು ಸೀಟಂತೆ. ನಮ್ ಮಗ್ಳು ಸ್ನೇಹಲತಾಗೆ ಕೊಡ್ಸಿ,” ಎಂದ. ಮನುಷ್ಯ ಎಷ್ಟು ದಿನ ಇಲ್ಲ ಎಂದಾನು? ಕೆಂಪಣ್ಣನವರು “ನೋಡಾನ” ಎಂದರು. ಆ ‘ನೋಡಾನ’ದಲ್ಲಿ ರಾಗಿ ಪೂರ್ತಿಯಾಗಿ ಅವರದಾಯಿತು.

ಆ ಸೀಟಿಗಾಗಿಯೇ ಇನ್ನೊಬ್ಬರು ಕಾದಿದ್ದರು.

ಮಾರಮ್ಮ ಮಹಾಮಾಯಾ ಸಂಘದ ಅಧ್ಯಕ್ಷೆ. ಕೂಲಿಗೆ ಹೋಗುವ ಹೆಂಗಸರೇ ಸೇರಿ ಒಂದು ತುಂಡು ಹೊಲ ಗುತ್ತಿಗೆಗೆ ಹಿಡಿದು ರಾಗಿ ಬೆಳೆಯುತ್ತಿದ್ದರು. ಅದರಲ್ಲೊಂದು ಪಾಲು ನಿಲಯಕ್ಕೆ. ಆಕೆಯ ಮೊಮ್ಮಗಳು ಶೋಭಿತಾಗೆ ಹಾಸನದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಪ್ರವೇಶ ಸಿಕ್ಕಿತ್ತು. ಪ್ರಾಕ್ಟಿಕಲ್ ಮುಗಿಯುವ ಮೊದಲೇ ಊರಿನ ಕೊನೆಯ ಬಸ್ಸು ಹೊರಟುಬಿಡುತ್ತದೆ. ನಿಲಯದಲ್ಲಿ ಜಾಗ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಶುಂಠಿ ಕೀಳುವ ಕೆಲಸ. ಅಜ್ಜಿ ಮೊಮ್ಮಗಳು ಅರ್ಜಿ ಹಿಡಿದು ಅಮರನಾಥನ ಮೇಜಿನ ಮುಂದೆ ನಿಂತರು.

ಅಮರನಾಥ ಸಂಘದ ಹೆಸರು ಒತ್ತಿ ಹುಡುಕಿದ. ಇನ್ನೊಮ್ಮೆ ಹುಡುಕಿದ.

“ನಿಮ್ಮ ಸಂಘ ಇಲ್ವಲ್ಲ ಅಜ್ಜಿ.”

“ಇಲ್ಲ ಅಂದ್ರೆ?”

“ಸಿಸ್ಟಮ್ಮಲ್ಲಿ ಇಲ್ಲ.”

“ಸಂಘದೋರು ಇಲ್ಲೇ ನಿಂತಿವಲ್ಲ ಸಾ. ಒಂದ್ಸಲ ತಲೆ ಎತ್ತಿ ನೋಡಿ.”

ಅವನು ತಲೆ ಎತ್ತಿ ನೋಡಿದ. ನಿಂತಿದ್ದರು, ನಿಜ. “ಆದ್ರೂ ಇಲ್ಲ ಅಜ್ಜಿ.”

“ಈ ರಸೀದಿ?” ಎಂದಳು ಶೋಭಿತಾ, ಹಳೆಯ ರಸೀದಿಗಳನ್ನು ಮುಂದೆ ಹಿಡಿದು.

“ರಸೀದಿ ಹಳೇದಮ್ಮ. ಸಿಸ್ಟಮ್ ಹೊಸದು.”

ಒಳಗೆ ಅಡುಗೆಮನೆಯಲ್ಲಿ ಹಿಟ್ಟು ತಿರುವುವ ಸದ್ದು ಕೇಳುತ್ತಿತ್ತು. ಮಾರಮ್ಮ ಮೂಗು ಅರಳಿಸಿದರು. “ಬೇಯ್ತಾ ಐತಲ್ಲ, ಅದ್ಯಾರ್ ರಾಗಿ?”

ಅಮರನಾಥ ಪರದೆ ನೋಡಿ ಹೇಳಿದ. “ಇದು... ಕೆಂಪಣ್ಣನವರು ಕೊಟ್ಟಿದ್ದು.”

ಮಾರಮ್ಮ ಸಿಟ್ಟಾಗುತ್ತಾರೆಂದು ಅವನು ಕುರ್ಚಿ ಹಿಂದಕ್ಕೆ ಸರಿಸಿದ. ಅವರಿಗೆ ಬಂದದ್ದು ನಗು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೇಜು ಹಿಡಿದುಕೊಂಡು ನಕ್ಕರು. “ಕೆಂಪಣ್ಣಾರು? ರಾಗೀನಾ? ಸಾ, ನಾನು ಹುಟ್ಟಿದಾಗಿಂದ ಅವರ ಹೊಲ್ದಾಗೆ ಕಳೆ ಕಿತ್ತಿವ್ನಿ. ಅವರು ಕೊಡೋದ್ನ ಇವತ್ಗೂ ಕಂಡಿಲ್ಲ. ನೀವೆಲ್ ಕಂಡ್ರಿ?”

ಅಮರನಾಥನಿಗೆ ಅಂದು ಊಟ ಸೇರಲಿಲ್ಲ. ಪಶ್ಚಾತ್ತಾಪದಿಂದ ಎಂದು ಯಾರೂ ಭಾವಿಸಬಾರದು. ಕೊಡದವನು ಕೊಟ್ಟದ್ದು ಹೇಗೆ ಎಂಬ ಹುಳು ತಲೆಯೊಳಗೆ ಹೊಕ್ಕಿತ್ತು. ರೂಪಶ್ರೀಗೆ ಫೋನು ಮಾಡಿದ.

“ಕೂಡ್ಸಿದ್ದನ್ನ ಬಿಡ್ಸೋದು ಹೇಗೆ ಮೇಡಂ?”

“ಬಿಡ್ಸಕ್ಕೆ ಬರಲ್ಲ ಸರ್. ಒತ್ತೋ ಮುಂಚೆ ಯಾರನ್ನಾದ್ರೂ ಕೇಳಿದ್ರಾ?”

“ಕಂಪ್ಯೂಟರ್ರೇ ನನ್ನ ಕೇಳ್ತು ಮೇಡಂ.”

“ಪ್ರತಿ ಸಂಘಕ್ಕೂ ಹೋಗಿ, ಕೇಳಿ, ಹೊಸದಾಗಿ ದಾಖಲೆ ಮಾಡಿ. ಈ ಸಲ ಮನುಷ್ಯರನ್ನ ಕೇಳಿ.”

ಸೀಟಿನ ಪಟ್ಟಿ ಅಂತಿಮವಾಗುವ ದಿನ ಬೆಳಿಗ್ಗೆ ಅವನು ಅರಕಲಗೂಡಿಗೆ ಹೋಗಿ ಬೈರಯ್ಯನ ಬಸ್ಸು ಹತ್ತಿದ.

“ಎಲ್ಲಿಗೆ?”

“ಮರಡಿಕೊಪ್ಪಲು. ಮಹಾಮಾಯಾ ಮಹಿಳಾ ಸಂಘ.”

“ಅಂಗ್ ಯೋಳಿದ್ರೆ ಟಿಕೇಟ್ ಬರಕ್ಕಿಲ್ಲ ಸಾ. ಕೆಂಪಣ್ಣನ ಮನೆ ಅನ್ನಿ.”

ಇಳಿದವನನ್ನು ಊರು ನೇರವಾಗಿ ಮಹಾದಾನಿಯ ಜಗಲಿಗೆ ತಲುಪಿಸಿತು. ಕೆಂಪಣ್ಣನವರು ಶಾಲಿಗೆ ಒಪ್ಪುವ ಹೊಸ ಜುಬ್ಬ ತೊಟ್ಟು, ತೋಳು ಎತ್ತಿ ನಿಂತಿದ್ದರು. ದರ್ಜಿ ಗುಂಡುಸೂಜಿ ಚುಚ್ಚುತ್ತಿದ್ದ. ಹಾಸನದಿಂದ ಬಂದವನೆಂದು ಕೇಳಿದ್ದೇ ದೊಡ್ಡತಾಯಮ್ಮ ಒಳಗಿನಿಂದ ಬಂದರು.

“ನೀವೇನಾ ಆ ನಿಲಯದೋರು? ಒಂದ್ ಮಾತು ನಿಜ ಯೋಳಿ. ಆಯಮ್ಮ ನೋಡಕ್ಕೆ ಎಂಗವ್ಳೆ?”

“ಯಾರಮ್ಮ?”

“ರಾಗಿ ತಕ್ಕಳೋಳು.”

“ಅಡಿಗೆ ಮಾಡೋರು ತಗೋತಾರಮ್ಮ. ಮೂರು ಜನ ಇದ್ದಾರೆ.”

“ಮೂರು ಜನಾನಾ?” ದೊಡ್ಡತಾಯಮ್ಮ ಗಂಡನ ಕಡೆ ತಿರುಗಿದರು. ತೋಳು ಎತ್ತಿದ್ದ ಕೆಂಪಣ್ಣನವರಿಗೆ ಇಳಿಸಲು ಧೈರ್ಯ ಬರಲಿಲ್ಲ. ಇಳಿಸಿದರೆ ಸೂಜಿ ಬೇರೆ.

ಅಮರನಾಥನಿಗೆ ಹುಳು ಕೊರೆಯಿತು. “ಅಮ್ಮ, ನಿಮ್ಮನೇಲಿ ರಾಗಿ ಕಮ್ಮಿ ಆಗಿದ್ಯಾ?”

ಆ ಮಾತು ದೊಡ್ಡತಾಯಮ್ಮನಿಗೆ ಚುಚ್ಚಿತು. ಗಂಡ ಕೆಟ್ಟನೆಂದರೆ ಸಹಿಸಿಯಾರು, ತಮ್ಮ ಉಸ್ತುವಾರಿಯಲ್ಲಿ ರಾಗಿ ಕಮ್ಮಿಯಾಯಿತೆಂದರೆ ಸಹಿಸಲಾರರು. ಅವನ ತೋಳು ಹಿಡಿದು ಒಳಕ್ಕೆ ಕರೆದೊಯ್ದು, ರಾಗಿ ತುಂಬಿಟ್ಟ ವಾಡೆಯ ಮುಚ್ಚಳ ತೆಗೆದು ತೋರಿಸಿದರು. ಕಂಠದವರೆಗೆ ತುಂಬಿತ್ತು. “ನೋಡಿ. ಬೀಗದ ಕೈ ನನ್ ಸೊಂಟದಾಗೆ ಐತೆ. ನಾನ್ ಮದ್ವೆಯಾಗಿ ಬಂದ್ಮ್ಯಾಕೆ ಈ ಮನೆಯಿಂದ ಒಂದು ಪಾವು ರಾಗಿ ಪುಕ್ಸಟ್ಟೆ ಆಚಿಗ್ ಓಗಿಲ್ಲ.”

ಹೀಗೆ ಹೇಳಿದ ಮೇಲೆ ಆಕೆಗೇ ಅರ್ಥ ಹೊಳೆಯಿತು. ಮುಖ ಅರಳಿತು. ಜಗಲಿಗೆ ಬಂದು ಗಂಡನಿಗೆ ಹೇಳಿದರು, “ಕೈ ಇಳುಸ್ಕಳಿ. ನೀವ್ ಯಾರ್ಗೂ ಏನೂ ಕೊಟ್ಟಿಲ್ಲ.” ಮದುವೆಯಾದ ಮೇಲೆ ಆಕೆ ಅವರನ್ನು ಅಷ್ಟು ಪ್ರೀತಿಯಿಂದ ಮಾತಾಡಿಸಿದ್ದನ್ನು ದರ್ಜಿ ಕಂಡಿರಲಿಲ್ಲ.

“ಹಾಗಾದ್ರೆ ಮೆಸೇಜ್ ಬಂದಾಗ್ಲೇ ಯಾಕೆ ಹೇಳ್ಲಿಲ್ಲ ಸಾ?” ಎಂದು ಅಮರನಾಥ ಕೇಳಿದ.

“ಯೋಳ್ದೆ ಕಣಪ್ಪ. ಯಾರೂ ಕೇಳ್ನಿಲ್ಲ. ಈಗ ಕೊಟ್ಟವ್ನೆ ಅಂತ ಊರೇ ಯೋಳ್ತಾ ಐತೆ. ಊರ್ ಮಾತ್ನ ನಾನೊಬ್ಬ ಎಂಗ್ ಮೀರ್ಲಿ?” ಎಂದರು ಕೆಂಪಣ್ಣ. ಜುಬ್ಬದ ಕಾಲರನ್ನು ಸರಿಮಾಡಿಕೊಂಡರು. “ಭಾಮೈದಂಗೆ ಬೇರೆ ಮಾತ್ ಕೊಟ್ಬುಟ್ಟಿವ್ನಿ.”

ಮನೆ ಹಿಂದೆ ಹೋಗಲು ದಾರಿ ಇದೆಯೆಂದು ಅಮರನಾಥನಿಗೆ ಗೊತ್ತಿರಲಿಲ್ಲ. ದನದ ಕೊಟ್ಟಿಗೆ ಸುತ್ತಿ, ಚರಂಡಿ ದಾಟಿ ಹೋದರೆ, ಅಲ್ಲಿ ಹಿಂದೆ ಇದ್ದದ್ದು ಒಂದು ಊರೇ. ನಲವತ್ತು ಮನೆ, ಎರಡು ಬೀದಿ, ಬಾಗಿಲಲ್ಲಿ ಹಸಿರು ಬಳಿದ ಸಂಘದ ಕೋಣೆ. ಬೀದಿ ಶುರುವಾಗುವಲ್ಲಿ ನೀಲಿ ಬಣ್ಣದ ಬೋರ್ಡು: ‘ಬುದ್ಧನಗರ’. ಹೆಂಗಸರೇ ಬರೆಸಿ ನೆಟ್ಟದ್ದು. ಬೋರ್ಡು ಬಸ್ಸಿಗೆ ಕಾಣುವುದಿಲ್ಲ. ಮಧ್ಯೆ ಕೆಂಪಣ್ಣನವರ ಮನೆ ಇದೆ.

ಮಾರಮ್ಮ ಕುರ್ಚಿ ಕೊಟ್ಟರು. ಬೇರೆ ಹೆಂಗಸರೂ ಕೂಡಿದರು. ಸಿಸ್ಟಮ್ಮಲ್ಲಿ ಇಲ್ಲ ಎಂದವನು ಹೇಗಿದ್ದಾನೆಂದು ನೋಡುವ ಕುತೂಹಲ ಅವರಿಗೂ ಇತ್ತು.

ಅಮರನಾಥ ಫೋನು ತೆರೆದು ಹೊಸ ದಾಖಲೆ ಶುರುಮಾಡಿದ. ಹೆಸರು ಕೇಳಿದ, ಬರೆದ. ಅಧ್ಯಕ್ಷರು ಯಾರೆಂದು ಕೇಳಿದ, ಬರೆದ. ಆಮೇಲೆ ವಾಡಿಕೆಯಂತೆ, ಕೇಳದೆಯೇ ಬರೆಯತೊಡಗಿದ.

“ಏನ್ ಬರೀತಾ ಇದೀರಿ?” ಎಂದಳು ಶೋಭಿತಾ ಇಣುಕಿ.

“ವಿಳಾಸಮ್ಮ. ಕೆಂಪಣ್ಣನವರ ಮನೆ ಹಿಂ—”

“ಅದ್ನ ಬರೀಬ್ಯಾಡಿ.”

“ಮತ್ತೆ ಗುರುತು ಸಿಗಬೇಕಲ್ಲಮ್ಮ?”

“ನಾವ್ ಅವರ ಮನೆ ಹಿಂದೆ ಇದ್ರೆ,” ಎಂದರು ಮಾರಮ್ಮ, “ಅವರ ಮನೆ ನಮ್ಮ ಹಿಂದೆ ಐತೆ. ನಮ್ ಬಾಗ್ಲು ಈ ಕಡೀಕೆ ನೋಡ್ತದೆ. ಬೋರ್ಡು ಓದ್ಕಂಡು ಬಂದ್ರಲ್ಲ ಸಾ, ಅದ್ನೇ ಬರೀರಿ.”

ಅಮರನಾಥ ‘ಬುದ್ಧನಗರ, ಮರಡಿಕೊಪ್ಪಲು’ ಎಂದು ಬರೆದ. ‘ಉಳಿಸು’ ಒತ್ತಿ, ಯಂತ್ರ ಏನೆನ್ನುವುದೋ ಎಂದು ಕಾದ. ಇಂಥ ಜಾಗವಿಲ್ಲ ಎನ್ನಬಹುದು, ಪುರಾವೆ ಕೇಳಬಹುದು, ಪಂಚಾಯಿತಿಗೆ ಹೋಗು ಎನ್ನಬಹುದು. ಯಂತ್ರ ಏನನ್ನೂ ಕೇಳಲಿಲ್ಲ. ‘ಉಳಿಸಲಾಗಿದೆ’ ಎಂದಿತು. ಮರಡಿಕೊಪ್ಪಲು ಇಷ್ಟು ವರ್ಷ ಒಪ್ಪದ ಹೆಸರನ್ನು ಅದು ತಕರಾರಿಲ್ಲದೆ ಒಪ್ಪಿಕೊಂಡಿತು. ರಸೀದಿ ನೋಡಿಕೊಂಡು ಮೂರು ಸುಗ್ಗಿಯ ರಾಗಿಯನ್ನೂ ಅದರ ಕೆಳಗೆ ಬರೆದ. ಕೆಂಪಣ್ಣನವರ ಹೆಸರಿನಡಿಯಿಂದ ಅದೇ ರಾಗಿಯನ್ನು ತೆಗೆದುಹಾಕಿದ.

ಫೋನು ಬಡಿದುಕೊಂಡಿತು. ಕಾರ್ಯದರ್ಶಿ ಮೋಹನ್‌ಕುಮಾರ್. ಅಮರನಾಥನ ಫೋನಿನಲ್ಲಿ ಸ್ಪೀಕರ್ ಹಾಕದಿದ್ದರೆ ಏನೂ ಕೇಳುವುದಿಲ್ಲ. ಹಾಕಿದ.

“ಅಮರನಾಥ್, ಇಲ್ಲಿ ನೋಡ್ತಾ ನೋಡ್ತಾ ಮಹಾದಾನಿ ರಾಗಿ ಮಾಯ ಆಗೋಯ್ತಲ್ಲಯ್ಯ.”

“ಅದು ಅವರ್ದಲ್ಲ ಸಾ. ಹೆಂಗಸರ ಸಂಘದ್ದು. ನಂದೇ ತಪ್ಪು.”

“ಇನ್ವಿಟೇಶನ್ ಹಂಚಿಯಾಗಿದೆ. ಮಿನಿಸ್ಟ್ರು ಬರ್ತಿದ್ದಾರೆ. ಈಗ ಫ್ಯಾನಿಗೆ, ಗಡಿಯಾರಕ್ಕೆ ಶಾಲು ಹೊದಿಸ್ಲಾ? ಅದ್ಯಾವುದಯ್ಯ ಬುದ್ಧನಗರ? ತೆಗಿ. ಹಳೇ ವಿಳಾಸ ಹಾಕು, ಅದು ತಾನಾಗೇ ಕೂಡ್ಕೊಳುತ್ತೆ.”

“ಇವ್ರ ಹುಡುಗಿ ಸೀಟು ಸಾ...”

“ಯಾರಯ್ಯ ಇಲ್ಲ ಅಂದೋರು? ಅವಳಿಗೇ ಕೊಡೋಣ. ಕೆಂಪಣ್ಣನವರ ಲೆಕ್ಕದಲ್ಲಿ. ನಾನೇ ಫೋನು ಮಾಡಿ ಒಪ್ಪಿಸ್ತೀನಿ. ಸ್ಟೇಜ್ ಮೇಲೆ ಅವರ ಕೈಲೇ ಪತ್ರ ಕೊಡ್ಸೋಣ, ಹುಡುಗಿ ಕಾಲಿಗೆ ನಮಸ್ಕಾರ ಮಾಡ್ಲಿ. ಎಲ್ರಿಗೂ ಒಳ್ಳೇದಾಯ್ತಲ್ಲ. ಕೇಳು ಅವರ್ನ.”

ಕೇಳಬೇಕಾಗಿರಲಿಲ್ಲ. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತ್ತು. ಹೆಂಗಸರು ಶೋಭಿತಾಳ ಕಡೆ ನೋಡಿದರು. ಹೂಂ ಅಂದರೆ ಸೀಟು. ಉಹೂಂ ಅಂದರೆ ಏನೆಂದು ಯಾರಿಗೂ ಗೊತ್ತಿಲ್ಲ. ಓದಬೇಕಾದವಳು ಅವಳು, ಹೇಳಬೇಕಾದವಳೂ ಅವಳೇ.

ಶೋಭಿತಾ ಫೋನಿನ ಹತ್ತಿರ ಬಗ್ಗಿದಳು. “ಸರ್, ಪತ್ರ ನಮ್ ಸಂಘದ್ ಹೆಸ್ರಲ್ಲಿ ಕೊಡಿ, ಬಂದು ತಗೋತೀನಿ. ನಮ್ ರಾಗೀನ ಅವರ ಕೈಯಿಂದ ನಾನು ಇಸ್ಕಳಲ್ಲ.”

“ಅಮರನಾಥ್, ಯಾರಯ್ಯ ಅದು ಮಧ್ಯೆ ಮಾತಾಡೋದು?”

“ದಾನಿಗಳು ಸಾ.”

“ತಮಾಷೆ ಮಾಡ್ಬೇಡ. ಕೆಲಸ ನಿಂದು, ನಿನ್ನ ಕೆಲಸ ನೀನು ಮಾಡು. ಸಂಜೆಯೊಳಗೆ ಆ ಬುದ್ಧನಗರ ಅಳ್ಸು.”

ಅಮರನಾಥ ಅಭ್ಯಾಸಬಲದಿಂದ ‘ಆಗ್ಲಿ’ ಎಂದು ಬಾಯಿ ತೆರೆದ. ಎದುರಿಗೆ ಮಾರಮ್ಮ ನಗಲು ಸಿದ್ಧವಾಗಿ ಸೆರಗನ್ನು ಬಾಯಿಯ ಹತ್ತಿರ ತಂದಿದ್ದರು. ಅವನು ಬಾಯಿ ಮುಚ್ಚಿದ. ಮತ್ತೆ ತೆರೆದ. ಅವನು ಹೇಳಿದ್ದು ಎಷ್ಟು ಮೆಲ್ಲಗಿತ್ತೆಂದರೆ ಪಕ್ಕದಲ್ಲಿದ್ದ ಶೋಭಿತಾಗೂ ಕೇಳಿಸಲಿಲ್ಲ.

“ಏನಂದೆ? ಜೋರಾಗಿ ಹೇಳಯ್ಯ,” ಎಂದರು ಕಾರ್ಯದರ್ಶಿ.

ಅವರು ಹೇಳಿದ ಆ ಒಂದು ಮಾತನ್ನು ಮಾತ್ರ ಅಮರನಾಥ ನಡೆಸಿಕೊಟ್ಟ.

“ಅಳ್ಸಲ್ಲ ಸಾ,” ಎಂದ, ಜೋರಾಗಿ.